ಐನ್‌ಮನೆ ದುರಸ್ತಿಗೆ ಮುಂಚಿನ ಸಂರಕ್ಷಣಾ ಯೋಜನೆ: ಎಲ್ಲಿಂದ ಶುರು ಮಾಡೋದು?

ಕಕ್ಕಬೆ ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಡಗಿನ ಒಂದು ಒಕ್ಕದ (ಒಂದೇ ಮೂಲದ ಕುಟುಂಬಗಳ) ಐನ್‌ಮನೆ, ಅಂದರೆ ಹಿರಿಯರ ಮೂಲಮನೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಮುಂದೆ ಕಯ್ಯಾಲೆ (ಜಗಲಿ), ಕೆತ್ತನೆಯ ಕಂಬಗಳು, ಐಮರ (ಕಂಬಗಳ ನಡುವಿನ ಕೂರುವ ಹಲಗೆ) ಎಲ್ಲ ಇದೆ. ಕಂಟ್ರಾಕ್ಟರ್ ಕೊಟ್ಟ ಎಸ್ಟಿಮೇಟ್‌ನಲ್ಲಿ ಇರೋದು ಮೂರೇ ಬಾಬತ್ತು: ಗೋಡೆಗೆ ಸಿಮೆಂಟ್ ಗಾರೆ, ನೆಲಕ್ಕೆ ಟೈಲ್ಸ್, ಮೇಲೆ ಶೀಟ್. ಅದಕ್ಕೂ ಮುಂಚೆ ಸಂರಕ್ಷಣಾ ಯೋಜನೆ ಮಾಡಿಕೊಳ್ಳಿ ಅಂತ ತಿಳಿದವರು ಹೇಳ್ತಾರೆ. ಅದರಲ್ಲಿ ಏನಿರಬೇಕು? ಆರ್ಕಿಟೆಕ್ಟ್ ಬರುವ ಮುಂಚೆ ನಾವೇ ಎಷ್ಟು ಮಾಡಿಕೊಳ್ಳಬಹುದು?

ನಕ್ಷೆಪಟ್ಟಿ

ಎಸ್ಟಿಮೇಟ್ ಸದ್ಯಕ್ಕೆ ಬದಿಗಿಡಿ. ಅದು ಕೊನೆಗೆ ಬರಬೇಕಾದ ಕಾಗದ, ನಿಮ್ಮಲ್ಲಿ ಮೊದಲೇ ಬಂದಿದೆ. ಯೋಜನೆ ಅಂದರೆ ನಾಲ್ಕು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ, ಇದೇ ಕ್ರಮದಲ್ಲಿ: ಇಲ್ಲಿ ಏನೇನಿದೆ, ಅದರಲ್ಲಿ ಯಾವುದು ಯಾಕೆ ಮುಖ್ಯ, ಯಾವುದು ಯಾತರಿಂದ ಹಾಳಾಗ್ತಿದೆ, ಹಾಗಾಗಿ ಏನು ಮಾಡಬೇಕು, ಏನು ಮಾಡಬಾರದು. ಪರಂಪರೆಯ ಜಾಗ ಉಳಿಸುವ ಬಗ್ಗೆ ಆಸ್ಟ್ರೇಲಿಯಾದಲ್ಲಿ ಬಂದ 1979ರ ಬುರ್ರಾ ಸನ್ನದಿನ ತಿರುಳು ಇದೇ. ಸರ್ಕಾರದ ರಕ್ಷಣೆಯಲ್ಲಿಲ್ಲದ ಕಟ್ಟಡಗಳಿಗೆ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ 2004ರಲ್ಲಿ ತಂದ ಸನ್ನದು ನಮಗೆ ಇನ್ನೂ ಹತ್ತಿರ. ಆಚಾರಿಯ, ಗಾರೆಯವನ ಕೈಕೆಲಸವನ್ನೂ ಅದು ಉಳಿಸಬೇಕಾದ ಪರಂಪರೆ ಅಂತಲೇ ಎಣಿಸುತ್ತೆ.

ಮೊದಲ ಕೆಲಸ ಗಡಿ ಗುರುತಿಸೋದು. ಐನ್‌ಮನೆ ಅಂದರೆ ಸೂರಿನ ಕೆಳಗಿನ ಜಾಗ ಮಾತ್ರ ಅಲ್ಲ. ಎರಡು ಬದಿ ಮಣ್ಣಿನ ಬರೆ (ಕಡಿದಾದ ದಿಬ್ಬ) ಇರುವ ಓಣಿ, ಕಣ, ಕೈಮಡ (ಹಿರಿಯರ ಗುಡಿ), ಬಾವಿ, ಕೆಳಗಿನ ಗದ್ದೆ ಕಡೆಗಿನ ನೋಟ, ದೇವಕಾಡಿಗೆ ಹೋಗುವ ದಾರಿ ಇದ್ದರೆ ಅದೂ ಸೇರಿತು. ಕಟ್ಟಡವನ್ನು ಚಂದಕ್ಕೆ ಉಳಿಸಿ, ಕಾರು ಬರಲಿ ಅಂತ ಓಣಿಯನ್ನು ಜೆಸಿಬಿಯಲ್ಲಿ ಅಗಲ ಮಾಡಿದರೆ ಅರ್ಧ ಮನೆ ಕೆಡವಿದ ಹಾಗೇ ಲೆಕ್ಕ. ಓಣಿ ಬೇಸಿಗೆಯಲ್ಲಿ ದಾರಿ, ಮಳೆಗಾಲದಲ್ಲಿ ನೀರಿನ ಹಾದಿಯೂ ಹೌದು. ಅದರ ಮಟ್ಟ ಬದಲಾದರೆ ನೀರು ಅಂಗಳಕ್ಕೆ ತಿರುಗುತ್ತೆ.

ಪುತ್ತರಿ ನೆರೆ

ಎರಡನೇ ಪ್ರಶ್ನೆಯನ್ನು ಎಲ್ಲರೂ ಹಾರಿಸ್ತಾರೆ. "ಹಳೇದು, ಅದಕ್ಕೇ ಮುಖ್ಯ" ಅಂತ ಒಂದು ಸಾಲು ಬರೆದು ಮುಗಿಸ್ತಾರೆ. ಒಂದೊಂದು ಭಾಗಕ್ಕೂ ಬೇರೆ ಬೇರೆ ಕಾರಣ ಬರೀರಿ. ನೆಲ್ಲಕ್ಕಿ ನಡುಬಾಡೆ (ನಡುಮನೆ) ಮುಖ್ಯ ಆಗೋದು ತೂಗುದೀಪ ಉರಿಯುವ, ಪುತ್ತರಿ ಅನ್ನೋ ಸುಗ್ಗಿ ಹಬ್ಬದ ಕದಿರು ಬರುವ ಜಾಗ ಅಂತ. ನೈಋತ್ಯದ ಕನ್ನಿಕೋಂಬರೆ ಕೋಣೆ ಕಾರಣವರಿಗೆ (ಪೂರ್ವಜರಿಗೆ) ಸಂಬಂಧಪಟ್ಟದ್ದು. ಐಮರ ಮುಖ್ಯ ಆಗೋದು ಹಿರಿಯರು ಕೂತು ನ್ಯಾಯ ಮಾತಾಡಿದ ಹಲಗೆ ಅಂತಲೂ ಹೌದು, ಅಷ್ಟು ಅಗಲದ ಒಂದೇ ಹಲಗೆ ಇವತ್ತು ಸಿಗಲ್ಲ ಅಂತಲೂ ಹೌದು. 1960ರ ಸುಮಾರಿಗೆ ಹಿಂಬದಿ ಸೇರಿಸಿದ ಅಡುಗೆಕೋಣೆಗೆ ಅಷ್ಟು ತೂಕ ಇಲ್ಲದಿರಬಹುದು. ಹಾಗಿದ್ದರೆ ಬದಲಾವಣೆ ಬೇಕಾದಲ್ಲಿ ಅಲ್ಲಿ ಮಾಡಿ ಅಂತ ಯೋಜನೆಯೇ ದಾರಿ ತೋರಿಸುತ್ತೆ. ಹೆಚ್ಚು, ಮಧ್ಯಮ, ಕಡಿಮೆ, ತೊಂದರೆ ಕೊಡುವ ಸೇರ್ಪಡೆ, ಈ ನಾಲ್ಕೇ ದರ್ಜೆ ಸಾಕು. ನಕ್ಷೆಯ ಪ್ರತಿ ಕೋಣೆಗೂ ಒಂದು ಬಣ್ಣ ಬಳೀರಿ.

"ಮೂಲ ರೂಪಕ್ಕೆ ತರ್ತೇವೆ" ಅಂತ ಹೊರಡೋದೂ ಅಪಾಯ. ಮಡಿಕೇರಿ ಕೋಟೆ ನೋಡಿ. ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ, ಟಿಪ್ಪು ಅದನ್ನು ಕಲ್ಲಿನದ್ದು ಮಾಡಿದ, 1812ರಿಂದ 14ರ ಹೊತ್ತಿಗೆ ಲಿಂಗರಾಜೇಂದ್ರನ ಅರಮನೆ ಎದ್ದಿತು, ಬ್ರಿಟಿಷರು ಒಳಗೇ ಇಗರ್ಜಿ ಕಟ್ಟಿದರು, ಅದು ಈಗ ವಸ್ತುಸಂಗ್ರಹಾಲಯ. ಇದರಲ್ಲಿ ಮೂಲ ಯಾವುದು? ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದದ್ದೇ 1865ರಲ್ಲಿ. ಅದಕ್ಕಿಂತ ಹಳೆಯ ಐನ್‌ಮನೆಯ ಹೆಂಚಿನ ಮಾಡು ನಂತರದ್ದು, ಹಾಗಂತ ಹೆಂಚು ತೆಗೆದು ಹುಲ್ಲು ಹೊದಿಸಲು ಯಾರೂ ಹೋಗಲ್ಲ. ನಂತರದ ಪದರಕ್ಕೂ ಬೆಲೆ ಇದೆ.

ಇನ್ನೊಂದು: ಒಕ್ಕದ ಹಿರಿಯರಾದ ಪಟ್ಟೆದಾರರ ಒಬ್ಬರ ಮಾತು ಸಾಲದು. ಜಮ್ಮಾ (ವಂಶಪಾರಂಪರ್ಯದ) ಆಸ್ತಿಯಲ್ಲಿ ಒಕ್ಕದವರೆಲ್ಲರ ಹಕ್ಕಿದೆ. ಪುತ್ತರಿಗೋ ಕೈಲ್‌ಪೊಳ್ದ್‌ಗೋ ಹಬ್ಬಕ್ಕೆ ಎಲ್ಲರೂ ಸೇರಿದಾಗ ಈ ಬಣ್ಣದ ನಕ್ಷೆ ಮುಂದಿಟ್ಟು ಒಪ್ಪಿಗೆ ಬರೆಸಿಕೊಳ್ಳಿ. ಬೆಂಗಳೂರಲ್ಲಿರುವ ಒಬ್ಬರು ಕೆಲಸ ಅರ್ಧ ಆದಮೇಲೆ ತಕರಾರು ತೆಗೆದು, ಮಾಡು ಬಿಚ್ಚಿದ ಮನೆ ಜೂನ್‌ನಲ್ಲಿ ಹಾಗೇ ನಿಂತುಬಿಡೋದು ಇಲ್ಲಿ ಅಪರೂಪ ಅಲ್ಲ.

ನಕ್ಷೆಪಟ್ಟಿ

ಅಳತೆ ಬಗ್ಗೆ. ಇದನ್ನು ನೀವೇ ಮಾಡಬಹುದು. ಮೂರು ಜನ ಬೇಕು: ಟೇಪ್ ಹಿಡಿಯಲು ಇಬ್ಬರು, ಬರೆಯಲು ಒಬ್ಬರು. 30 ಮೀಟರ್ ಟೇಪ್, 5 ಮೀಟರ್ ಟೇಪ್, ತೂಗುಗುಂಡು, ಗಾರೆಯವರ ಲೆವೆಲ್ ಪೈಪ್.

ಮೊದಲು ಲೆವೆಲ್ ಪೈಪಿನಲ್ಲಿ ಮನೆಯಿಡೀ ನೆಲದಿಂದ ಸುಮಾರು 1 ಮೀಟರ್ ಎತ್ತರಕ್ಕೆ ಒಂದೇ ಮಟ್ಟದ ಗುರುತು ಹಾಕಿ, ಪೆನ್ಸಿಲ್‌ನಲ್ಲಿ, ಕೆತ್ತಬೇಡಿ. ನೆಲ ಎಲ್ಲಿ ಕುಸಿದಿದೆ, ತೊಲೆ ಎಲ್ಲಿ ಬಾಗಿದೆ ಅಂತ ತಿಳಿಯೋದು ಈ ಗೆರೆಯಿಂದ ಮೇಲಕ್ಕೂ ಕೆಳಕ್ಕೂ ಅಳೆದಾಗಲೇ. ಆಮೇಲೆ ಪ್ರತಿ ಗೋಡೆಗೆ ಒಂದು ತುದಿ ಸೊನ್ನೆ ಮಾಡಿಕೊಂಡು, ಟೇಪ್ ಎತ್ತದೆ ಓದುತ್ತಾ ಹೋಗಿ: ಕಿಟಕಿಯ ಎಡ ಅಂಚು 1.24, ಬಲ ಅಂಚು 2.06, ಬಾಗಿಲು 3.38, ಹೀಗೆ. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ಅರ್ಧ ಸೆಂ.ಮೀ. ತಪ್ಪು ಸೇರಿಕೊಂಡು ಕೊನೆಗೆ ಲೆಕ್ಕ ತಾಳೆ ಆಗಲ್ಲ. ಪ್ರತಿ ಕೋಣೆಯ ಎರಡೂ ಕರ್ಣ ಅಳೆಯಲೇಬೇಕು. ಹಳೇ ಕೋಣೆ ನೋಡಲು ಚೌಕ, ಬಿಡಿಸಲು ಕೂತಾಗ ಓರೆ.

ನೆಲದ ನಕ್ಷೆ 1:50, ಅಡ್ಡ ಸೀಳುನೋಟ 1:20, ಕಂಬದ ಬೋದಿಗೆ, ಬಾಗಿಲ ಚೌಕಟ್ಟಿನಂಥದ್ದು 1:5. ಮೊಬೈಲ್ ಸ್ಕ್ಯಾನ್ ಆಪ್‌ಗಳು ಜೊತೆಗಿರಲಿ, ಅವನ್ನೇ ನಂಬಬೇಡಿ. ಕತ್ತಲ ಕೋಣೆಯಲ್ಲಿ, ಕಪ್ಪು ಮರದ ಮೇಲೆ ಸ್ಕ್ಯಾನ್ ತಪ್ಪುತ್ತೆ. ಫೋಟೋ ತೆಗೆಯುವಾಗ ಗೋಡೆಗೆ ನೇರ ನಿಂತು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಕಡತದ ಹೆಸರಲ್ಲೇ ಕೋಣೆ ಸಂಖ್ಯೆ, ದಿಕ್ಕು, ತಿಂಗಳು ಬರಲಿ. ಮುನ್ನೂರು ಫೋಟೋ ವಾಟ್ಸಾಪ್ ಗುಂಪಲ್ಲಿ ಹಾಕಿ ಬಿಟ್ಟರೆ ಅದು ದಾಖಲೆ ಅಲ್ಲ. ಅಲ್ಲಿ ಚಿತ್ರದ ಸ್ಪಷ್ಟತೆಯೂ ಕುಗ್ಗುತ್ತೆ.

ಸೂರಂಚು

ಮೂರನೇ ಪ್ರಶ್ನೆ ನನ್ನ ಪಾಲಿಗಿರಲಿ. ಕೊಡಗಲ್ಲಿ "ಯಾತರಿಂದ ಹಾಳಾಗ್ತಿದೆ" ಅನ್ನೋದಕ್ಕೆ ಹತ್ತರಲ್ಲಿ ಎಂಟು ಸಲ ಉತ್ತರ ನೀರು. ಮಡಿಕೇರಿಯಲ್ಲೇ ವರ್ಷಕ್ಕೆ 3,000 ಮಿ.ಮೀ. ದಾಟುತ್ತೆ, ನಿಮ್ಮ ಕಡೆ ಅದಕ್ಕೂ ಜಾಸ್ತಿ. ಆದರೆ ಯಾವ ನೀರು ಅಂತ ಬಿಡಿಸಿ ನೋಡದೆ ಮದ್ದು ಮಾಡಬೇಡಿ.

ಗೋಡೆಯ ಬುಡದಿಂದ 30–45 ಸೆಂ.ಮೀ. ತನಕ ಮಾತ್ರ ಮಣ್ಣು ತೊಳೆದು ಗುಳಿ ಬಿದ್ದಿದ್ದರೆ ಅದು ಸೂರಿನಿಂದ ಬಿದ್ದು ಚಿಮ್ಮಿದ ನೀರು. ಸೂರು ಉದ್ದ ಮಾಡೋದು ಅಥವಾ ನೀರು ಬೀಳುವ ಗೆರೆಗೆ ಜಲ್ಲಿ ಹಾಸೋದು ಅದರ ಮದ್ದು, ಗಾರೆ ಅಲ್ಲ. ಒಳಗೋಡೆಯಲ್ಲಿ ಮೊಣಕಾಲಿಂದ ಸೊಂಟದೆತ್ತರಕ್ಕೆ ಅಡ್ಡಗೆರೆಯಾಗಿ ಬಿಳಿ ಉಪ್ಪು ಕಾಣಿಸಿದರೆ ನೆಲದಿಂದ ಹೀರಿಕೊಂಡ ತೇವ. ಮೇಲಿಂದ ಕೆಳಕ್ಕೆ ಕಂದು ನಾಲಗೆಗಳು ಇಳಿದಿದ್ದರೆ ಹೆಂಚು ಸೋರಿದ್ದು. ಇಡೀ ಗೋಡೆ ತೆಳುವಾಗಿ ಕಪ್ಪಿಟ್ಟಿದ್ದರೆ ಗಾಳಿ ಆಡದೆ ಕಟ್ಟಿದ ಬೂಷ್ಟು. ಕಿಟಕಿ ತೆರೆದು ಒಲೆ ಉರಿಸಿದರೆ ಅರ್ಧ ಹೋಗುತ್ತೆ. ಐನ್‌ಮನೆಯಲ್ಲಿ ವರ್ಷಪೂರ್ತಿ ಜನ ಇರಲ್ಲ, ಹೊಗೆ ಇಲ್ಲ, ಅದೇ ಒಂದು ಕಾಯಿಲೆ.

ಜುಲೈಯಲ್ಲಿ ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆ ಸುತ್ತ ನಡೆದು, ನೀರು ಹರಿಯುವ ದಾರಿಯನ್ನು ನಕ್ಷೆ ಮೇಲೆ ಬಾಣ ಹಾಕಿ ಗುರುತಿಸಿ. ಬೇಸಿಗೆಯಲ್ಲಿ ಮಾಡಿದ ಸಮೀಕ್ಷೆ ಅರ್ಧ ಸಮೀಕ್ಷೆ. ಅಂಗಳದ ಇಳಿಜಾರು ಗೋಡೆಯಿಂದ ಆಚೆಗೆ ಕನಿಷ್ಠ 1:50 ಇರಬೇಕು, ಅಂದರೆ 1 ಮೀಟರಿಗೆ 2 ಸೆಂ.ಮೀ. ಎಷ್ಟೋ ಮನೆಗಳಲ್ಲಿ ವರ್ಷ ವರ್ಷ ಅಂಗಳಕ್ಕೆ ಮಣ್ಣು ಹಾಕಿ ಹಾಕಿ ಪಂಚಾಂಗ (ಮನೆಯ ತಳಕಟ್ಟು) ಅರ್ಧ ಹೂತುಹೋಗಿರುತ್ತೆ. ಆ ಮಣ್ಣು ತೆಗೆದು ಚರಂಡಿ ಸರಿ ಮಾಡಿದರೆ ತೇವದ ಗೆರೆ ತಾನಾಗಿ ಇಳಿಯುತ್ತೆ, ಆದರೆ ಒಣಗಲು ಒಂದೆರಡು ಬೇಸಿಗೆ ಬೇಕು. ಅಲ್ಲಿ ತನಕ ಗೋಡೆ ಮುಟ್ಟಬೇಡಿ.

ಬಿರುಕಿಗೆ ಎರಡೂ ಬದಿ ಪೆನ್ಸಿಲ್ ಚುಕ್ಕಿ ಇಟ್ಟು, ನಡುವಿನ ದೂರ ಕ್ಯಾಲಿಪರ್‌ನಲ್ಲಿ ಅಳೆದು ತಾರೀಕು ಬರೀರಿ. ಮೇ, ಜುಲೈ, ಸೆಪ್ಟೆಂಬರ್, ಡಿಸೆಂಬರ್‌ನಲ್ಲಿ ಮತ್ತೆ ಅಳೆಯಿರಿ. ನಿಂತುಹೋದ ಬಿರುಕು ಬರೀ ಗಾಯ, ತುಂಬಿದರಾಯ್ತು. ಮಳೆಗಾಲದಲ್ಲಿ ತೆರೆದುಕೊಂಡು ಬೇಸಿಗೆಯಲ್ಲಿ ಮುಚ್ಚುವ ಬಿರುಕು ಬುಡದ ಮಣ್ಣು ಉಬ್ಬಿ ಕುಗ್ಗುವುದರ ಸೂಚನೆ. ಒಂದೇ ಕಡೆಗೆ ಬೆಳೀತಾ ಹೋದರೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಮನೆ ಹಿಂದೆ ಬರೆ ಇದ್ದರೆ ಅದನ್ನೂ ಹೀಗೇ ನೋಡಿ: ಮೇಲ್ಭಾಗದಲ್ಲಿ ನೆಲ ಸೀಳಿದೆಯಾ, ಮರ ಓರೆಯಾಗಿದೆಯಾ, ಒಸರುವ ನೀರು ಇದ್ದಕ್ಕಿದ್ದಂತೆ ಕೆಸರು ಬಣ್ಣಕ್ಕೆ ತಿರುಗಿದೆಯಾ. 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡ ಜಿಲ್ಲೆಯಲ್ಲಿ ಇದನ್ನು ಬಿಟ್ಟ ಯೋಜನೆ ಪೂರ್ತಿ ಅಲ್ಲ.

ಕಕ್ಕಬೆ ಕಡೆಯವ

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ. ಹೊರಗೋಡೆಗೆ ಗಾರೆ ಮದ್ದಲ್ಲ ಅಂತೀರಲ್ಲ, ಕಂಟ್ರಾಕ್ಟರ್ ಸಿಮೆಂಟ್ ಗಾರೆಯೇ ಗಟ್ಟಿ ಅಂತಾರೆ. ಅವರಿಗೆ ಏನು ಹೇಳಲಿ?

ಸುಣ್ಣದಗೂಡು

ಗಟ್ಟಿ ಅನ್ನೋದೇ ಕಾಯಿಲೆ ಮಾರಾಯ್ರೆ. ಮಣ್ಣಿನ ಗೋಡೆ ತೇವ ಎಳೆದುಕೊಂಡು ಬಿಡ್ತಾ ಇರುತ್ತೆ. ಮೇಲೆ ಸಿಮೆಂಟ್ ಹಾಕಿದರೆ ತೇವ ಹೊರಗೆ ಬರಲಾಗದೆ ಗಾರೆ ಹಿಂದೆ ನಿಲ್ಲುತ್ತೆ. ಮಣ್ಣು ಹಿಟ್ಟಾಗುತ್ತೆ, ಹೊರಗಿಂದ ನೋಡಿದರೆ ಗೋಡೆ ಹೊಸತು. ನಾಲ್ಕೈದು ಮಳೆಗಾಲ ಆದಮೇಲೆ ಕೈಬೆರಳಲ್ಲಿ ತಟ್ಟಿ, ಟೊಳ್ಳು ಸದ್ದು ಬರುತ್ತೆ. ಗಾರೆ ಹಾಳೆಯಂತೆ ಕಳಚುವಾಗ 2–3 ಸೆಂ.ಮೀ. ಗೋಡೆಯನ್ನೂ ಎಳೆದುಕೊಂಡು ಬರುತ್ತೆ. ಬುಡಕ್ಕೆ ಮಾತ್ರ ಸಿಮೆಂಟ್ ಪಟ್ಟಿ ಹಾಕೋದು ಇನ್ನೂ ಕೆಟ್ಟದ್ದು, ತೇವ ಆ ಪಟ್ಟಿ ದಾಟಿ ಮೇಲಕ್ಕೆ ಹತ್ತುತ್ತೆ. ಒಳಗೆ ವಿಟ್ರಿಫೈಡ್ ಟೈಲ್ಸ್ ಹಾಕಿದರೂ ಅದೇ ಕತೆ: ನೆಲದಿಂದ ಏಳುತ್ತಿದ್ದ ತೇವಕ್ಕೆ ಗೋಡೆಯೊಂದೇ ದಾರಿ.

ಮಣ್ಣಿನ ಗೋಡೆಗೆ ಮಣ್ಣಿನ ಗಾರೆ, ಅದರ ಮೇಲೆ ಸುಣ್ಣದ ತೆಳುವಾದ ಬಳಿತ. ಮಣ್ಣು ಪರೀಕ್ಷೆಗೆ ಲ್ಯಾಬ್ ಬೇಡ. ಗಾಜಿನ ಬಾಟಲಿಗೆ ಮೂರರಲ್ಲೊಂದು ಪಾಲು ಪುಡಿ ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷಕ್ಕೆ ತಳ ಸೇರುತ್ತೆ, ಸಣ್ಣ ಹೂಳು ಗಂಟೆಗಳಲ್ಲಿ, ಜಿಗುಟು (ಜೇಡಿಮಣ್ಣು) ಮರುದಿನಕ್ಕೆ. ಪದರಗಳನ್ನು ಅಳತೆಪಟ್ಟಿಯಲ್ಲಿ ಅಳೆಯಿರಿ. ಜಿಗುಟು ಕಾಲು ಪಾಲಿಗಿಂತ ಹೆಚ್ಚಿದ್ದರೆ ಗಾರೆ ಒಣಗುವಾಗ ಜೇಡರ ಬಲೆಯಂತೆ ಸೀಳುತ್ತೆ, ಮರಳು ಸೇರಿಸಿ. ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ಒಂದು ವಾರವಾದರೂ ಕೊಳೆಯಲು ಬಿಡಿ, ದಿನಾ ತುಳಿಯಿರಿ.

ಇಟ್ಟಿಗೆ, ಕಲ್ಲಿನ ಭಾಗಕ್ಕೆ ಸುಣ್ಣದ ಗಾರೆ. ಸುಟ್ಟ ಸುಣ್ಣ ತಂದು ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು. ಕುದಿದು ಮುಖಕ್ಕೆ ಹಾರುತ್ತೆ, ಕನ್ನಡಕ ಕಡ್ಡಾಯ. ಸೋಸಿ, ಮೇಲೆ ನೀರು ನಿಲ್ಲುವಂತೆ ಕನಿಷ್ಠ ಎರಡು ವಾರ ಇಡಿ, ತಿಂಗಳಾದರೆ ಇನ್ನೂ ಒಳ್ಳೇದು. ಅಳತೆ 1 ಪಾಲು ಸುಣ್ಣಕ್ಕೆ 3 ಪಾಲು ತೊಳೆದ ಮರಳು. ಸದಾ ತೇವ ಇರುವ ಕಡೆ ಮರಳಿನ ಒಂದು ಪಾಲಿನ ಬದಲು ಇಟ್ಟಿಗೆ ಪುಡಿ. ಒಂದು ಪದರ 10–12 ಮಿ.ಮೀ. ದಾಟಬಾರದು. ಒಂದು ವಾರ ಒದ್ದೆ ಗೋಣಿ ಕಟ್ಟಿ ನೆರಳಲ್ಲಿ ಇಡಿ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುವವರಿದ್ದಾರೆ, ಕೆಲಸ ಗೊತ್ತಿದ್ದವರು ಹದವಾಗಿ ಹಾಕಿದರೆ ಸರಿ. ಬೆಲ್ಲ ಜಾಸ್ತಿಯಾದರೆ ಗಾರೆ ಕೂರಲು ತಡ, ಇರುವೆ ಉಚಿತ. ಬಳಿಯುವ ಸುಣ್ಣ ಹಾಲಿನಷ್ಟು ತೆಳ್ಳಗೆ ನಾಲ್ಕೈದು ಸಲ. ದಪ್ಪ ಎರಡು ಸಲ ಬಳಿದರೆ ಪುಡಿ ಉದುರುತ್ತೆ.

ಆಚಾರಿಕಟ್ಟೆ

ಮರದ ಬಗ್ಗೆ ಯಾರೂ ಹೇಳಲಿಲ್ಲ. ಮರ ಹೆಚ್ಚಾಗಿ ಕೊಳೆಯೋದು ಮೂರು ಜಾಗದಲ್ಲಿ: ಕಂಬದ ಬುಡ, ಗೋಡೆಯೊಳಗೆ ಹೊಕ್ಕ ತೊಲೆಯ ತುದಿ, ಸೂರಿನ ಕಡೆಯ ಪಕ್ಕಾಸಿನ (ಮಾಡಿನ ಓರೆ ಮರದ) ತುದಿ. ಮೊಂಡು ಸ್ಕ್ರೂಡ್ರೈವರ್ ಒತ್ತಿ ನೋಡಿ. 3–4 ಮಿ.ಮೀ.ಗಿಂತ ಒಳಗೆ ಇಳಿದರೆ ಅಲ್ಲಿ ಕೊಳೆತಿದೆ. ತೇವದ ಮೀಟರ್ ಇದ್ದರೆ 20 ಶೇಕಡಾ ಮೇಲೆ ಹೋದ ಮರಕ್ಕೆ ಬೂಷ್ಟು ಹಿಡಿಯುವ ಅಪಾಯ ಇದೆ.

ತುದಿ ಕೊಳೆತಿದೆ ಅಂತ ಇಡೀ ತೊಲೆ ಬದಲಿಸಬೇಡಿ. ಕೊಳೆತ ಭಾಗದಾಚೆ 10–15 ಸೆಂ.ಮೀ. ಗಟ್ಟಿ ಮರವನ್ನೂ ಸೇರಿಸಿ ಕತ್ತರಿಸಿ, ಅದೇ ಜಾತಿಯ ಚೆನ್ನಾಗಿ ಒಣಗಿದ ಮರದಿಂದ ಓರೆ ಜೋಡಣೆ ಕೊಡಬೇಕು. ಜೋಡಣೆಯ ಉದ್ದ ತೊಲೆಯ ಎತ್ತರದ 3–4 ಪಟ್ಟು ಇರಲಿ. ಬೋಲ್ಟು ಸ್ಟೇನ್‌ಲೆಸ್ ಸ್ಟೀಲ್ ಇರಲಿ, ಸಾದಾ ಕಬ್ಬಿಣ ತುಕ್ಕು ಹಿಡಿದು ಮರವನ್ನು ಕಪ್ಪಾಗಿಸಿ ಸೀಳುತ್ತೆ. ಕತ್ತರಿಸುವ ಮುಂಚೆ ತೊಲೆಗೆ ಕೆಳಗಿಂದ ಆಸರೆಯ ಕಂಬ ಕೊಡಿ. ಬಾಗಿದ ತೊಲೆಯನ್ನು ಜ್ಯಾಕ್‌ನಲ್ಲಿ ಎತ್ತುವುದಾದರೆ ದಿನಕ್ಕೆ ಒಂದೆರಡು ಮಿ.ಮೀ. ಸಾಕು. ಒಂದೇ ದಿನ ನೇರ ಮಾಡಲು ಹೋದರೆ ಅದರ ಮೇಲಿನ ಗೋಡೆ ಸೀಳುತ್ತೆ.

ಗೆದ್ದಲಿಗೆ ಔಷಧಿಗಿಂತ ಮುಂಚೆ ದಾರಿ ಮುರಿಯಿರಿ: ಗೋಡೆಗೆ ಒರಗಿಸಿದ ಸೌದೆ, ಪಂಚಾಂಗಕ್ಕೆ ತಾಗಿದ ಮಣ್ಣು, ಹೂವಿನ ಕುಂಡ. ಒಳಗಿನ ಮರಕ್ಕೆ ಒಂದೂವರೆ ಪಾಲು ಬೋರಾಕ್ಸ್, ಒಂದು ಪಾಲು ಬೋರಿಕ್ ಆಸಿಡ್ ಬಿಸಿನೀರಲ್ಲಿ ಕರಗಿಸಿ ಎರಡು ಮೂರು ಸಲ ಬಳಿಯಬಹುದು. ಹೊರಗೆ ಮಳೆ ತಾಗುವ ಮರಕ್ಕೆ ಇದು ತೊಳೆದು ಹೋಗುತ್ತೆ. ಕೆತ್ತನೆ ಕಂಬದ ಹಳೇ ಎನಾಮಲ್ ಬಣ್ಣವನ್ನು ಗ್ರೈಂಡರ್‌ನಲ್ಲಿ ಉಜ್ಜಲು ಯಾರಿಗೂ ಬಿಡಬೇಡಿ. ಹೂಬಳ್ಳಿಯ ಅಂಚು ಹತ್ತು ನಿಮಿಷಕ್ಕೆ ಮಾಯ, ಹಳೇ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಧೂಳೂ ವಿಷ.

ಹೊಸ ಮರ ನಿಮ್ಮ ಬಾಣೆಯಲ್ಲೇ (ಗದ್ದೆಗೆ ಸೇರಿದ ಮರಗಾಡಿನಲ್ಲೇ) ಇದೆ ಅಂತ ಕೊಡಲಿ ಎತ್ತಬೇಡಿ. ಆ ಜಾಗದ ಮರದ ಹಕ್ಕಿಗೆ ಸರ್ಕಾರಕ್ಕೆ ಹಣ ಪಾವತಿಯಾಗಿದೆಯಾ ಅಂತ ದಾಖಲೆ ನೋಡಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಅನುಮತಿಗೆ ಬೇಕಾದ ತಿಂಗಳುಗಳನ್ನೂ, ಮರ ಒಣಗಲು ಬೇಕಾದ ಕಾಲವನ್ನೂ ಯೋಜನೆಯಲ್ಲೇ ಸೇರಿಸಿ.

ಬೊಟ್ಟಿಯತ್ ಮಳೆ

ಶೀಟಿನ ವಿಷಯದಲ್ಲಿ ನಾನು ಉಳಿದವರಷ್ಟು ಕಟ್ಟುನಿಟ್ಟು ಅಲ್ಲ. ಜನ ಇಲ್ಲದ ಮನೆ, ಹೆಂಚು ಸರಿ ಮಾಡಲು ಆಳು ಇಲ್ಲ ಅಂದಾಗ ಎರಡು ಮೂರು ಮಳೆಗಾಲಕ್ಕೆ ಶೀಟು ಮನೆಯನ್ನು ಉಳಿಸುತ್ತೆ.

ಸೂರಂಚು

ತಾತ್ಕಾಲಿಕ ಅಂತ ಬರೆದು, ತೆಗೆಯುವ ವರ್ಷವನ್ನೂ ಬರೆದರೆ ಒಪ್ಪಿದೆ. ಆದರೆ ಶೀಟಿನ ಕಂಬ ಮನೆಯ ಆಚೆ ತನ್ನದೇ ಪಾಯದ ಮೇಲೆ ನಿಲ್ಲಲಿ. ಹಳೇ ಗೋಡೆ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿದರೆ ಗಾಳಿಗೆ ಅಲುಗಾಡಿದ್ದೆಲ್ಲ ಮಣ್ಣಿನ ಗೋಡೆಗೆ ಬೀಳುತ್ತೆ. ಹೆಂಚಿಗೂ ಶೀಟಿಗೂ ನಡುವೆ ಗಾಳಿ ಆಡಲು ಜಾಗ ಇರಬೇಕು. ಹೆಂಚಿಗೆ ತಾಗಿಸಿ ಕೆಳಗೆ ಪ್ಲಾಸ್ಟಿಕ್ ಹಾಸುವವರು ರೀಪಿನ (ಹೆಂಚು ಕೂರುವ ಮರದ ಪಟ್ಟಿಯ) ಮೇಲೆ ಬೆವರು ಕೂರಿಸಿಕೊಳ್ತಾರೆ, ರೀಪು ಮೂರು ವರ್ಷಕ್ಕೆ ಕೈಯಲ್ಲಿ ಮುರಿಯುತ್ತೆ. ಶೀಟಿನ ನೀರು ಬೀಳುವ ಗೆರೆ ಎಲ್ಲಿಗೆ ಬಂತು ಅಂತಲೂ ನೋಡಿ, ಹಳೇ ಚರಂಡಿ ಆ ಗೆರೆಗೆ ಸಿಗದೇ ಹೋಗಬಹುದು.

ಕಾಗದಪತ್ರ

ಕಾನೂನು ಚಿಕ್ಕದಾಗಿ. ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಇದು 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ. ನಿಷೇಧಿತ ವಲಯದಲ್ಲಿ ಹೊಸದಾಗಿ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೂ ಮುಂಚೆ ಇದ್ದ ಕಟ್ಟಡದ ದುರಸ್ತಿಗೆ ಅರ್ಜಿ ಹಾಕಬಹುದು. ಮಡಿಕೇರಿ ಪೇಟೆಯವರಿಗೆ ಇದು ಬೇಕಾಗುವ ಮಾತು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಬೇರೆ ಇದೆ. ನಿಮ್ಮ ಖಾಸಗಿ ಐನ್‌ಮನೆ ಯಾವ ಪಟ್ಟಿಯಲ್ಲೂ ಇಲ್ಲದಿದ್ದರೆ ಇವು ಅಡ್ಡ ಬರಲ್ಲ, ರಕ್ಷಣೆಗೂ ಬರಲ್ಲ. ಅದಕ್ಕೇ ಒಕ್ಕದ ಬರಹದ ಒಪ್ಪಿಗೆಗೆ ಬೆಲೆ. ನೂರು ವರ್ಷ ದಾಟಿದ ಕೆತ್ತನೆ ಬಾಗಿಲು, ವಿಗ್ರಹ, ದೀಪಕ್ಕೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸಬಹುದು. ಹಳೇ ಮರಮುಟ್ಟು ಕೊಳ್ಳಲು ಬರುವ ವ್ಯಾಪಾರಿಗೆ ಕೊಡುವ ಮುಂಚೆ ಯೋಚಿಸಿ.

ಕಕ್ಕಬೆ ಕಡೆಯವ

ಕೊನೆಯದಾಗಿ ಎರಡು. ಒಕ್ಕದಲ್ಲಿ ಕೆಲವರು ಹೋಂಸ್ಟೇ ಮಾಡೋಣ, ಕೋಣೆಗೊಂದು ಬಾತ್‌ರೂಮ್ ಅಂತಿದ್ದಾರೆ. ಮತ್ತೆ, ಕೆಲಸ ಯಾವ ತಿಂಗಳು ಇಟ್ಟುಕೊಳ್ಳೋದು?

ಪುತ್ತರಿ ನೆರೆ

ಬಾತ್‌ರೂಮ್ ಮಣ್ಣಿನ ಗೋಡೆಯೊಳಗೆ ಬೇಡ. ಪೈಪಿನ ಒಂದು ಜೋಡಣೆ ಕಾಣದಂತೆ ಜಿನುಗಿದರೂ ಗೋಡೆ ಬುಡದಿಂದ ಕರಗುತ್ತೆ, ಗೊತ್ತಾಗುವ ಹೊತ್ತಿಗೆ ತಡ. ಹಿಂಬದಿ ಬೇರೆ ಕಟ್ಟಡ ಮಾಡಿ, ಸೂರಿನ ಎತ್ತರ ಐನ್‌ಮನೆಗಿಂತ ಕೆಳಗಿರಲಿ, ಸೆಪ್ಟಿಕ್ ಟ್ಯಾಂಕ್ ಇಳಿಜಾರಿನ ಕೆಳಬದಿಗೆ, ಬಾವಿಯಿಂದ ದೂರ. ನಡುಬಾಡೆ, ಕನ್ನಿಕೋಂಬರೆ, ಕೈಮಡ ಅತಿಥಿಗಳಿಗೆ ಇಲ್ಲ ಅಂತ ಯೋಜನೆಯಲ್ಲೇ ಬರೆದುಬಿಡಿ. ವೈರಿಂಗ್ ಗೋಡೆ ಕೊರೆಯದೆ ಮೇಲ್ಮೈಯಲ್ಲೇ ಪೈಪಿನೊಳಗೆ ಹೋಗಲಿ, 30 ಮಿಲಿ ಆಂಪಿಯರ್‌ನ ಸೋರಿಕೆ ತಡೆಯುವ ಬ್ರೇಕರ್ ಹಾಕಿಸಿ. ಒಣಮರದ ಮನೆಗೆ ಬೆಂಕಿಯೇ ದೊಡ್ಡ ಭಯ.

ಸುಣ್ಣದಗೂಡು

ತಿಂಗಳು ಹೇಳ್ತೇನೆ. ಪುಸ್ತಕದ ಪ್ರಕಾರ ಅಕ್ಟೋಬರ್ ಶುರು ಮಾಡಿ ಅಂತಾರೆ, ಇಲ್ಲಿ ಆಗಲ್ಲ. ನವೆಂಬರ್‌ನಿಂದ ಅರೇಬಿಕಾ ಕಾಫಿ ಕೊಯ್ಲು, ಹಿಂದೆಯೇ ರೋಬಸ್ಟಾ, ಆಳು ಸಿಗೋದು ಕಷ್ಟ. ಹಾಗಾಗಿ ಅಕ್ಟೋಬರ್‌ನಲ್ಲಿ ಚರಂಡಿ, ಅಂಗಳದ ಮಣ್ಣು. ಕೊಯ್ಲಿನ ಹೊತ್ತಲ್ಲಿ ಸುಣ್ಣ ನೆನೆಹಾಕಿ ಇಟ್ಟುಬಿಡಿ, ಅದಕ್ಕೆ ಆಳು ಬೇಡ. ಮರದ ಕೆಲಸ ಜನವರಿ, ಫೆಬ್ರವರಿಗೆ. ಆಚಾರಿಗಳು ತೋಟದ ಕೆಲಸಕ್ಕೆ ಹೋಗಲ್ಲ. ಗಾರೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ, ತೇವ ಹಿಡಿದ ಗೋಡೆಗೆ ಮಾತ್ರ ಅದು ಒಣಗಿದ ಮೇಲಿನ ಬೇಸಿಗೆಯಲ್ಲಿ. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಂದರೆ ಹೊದಿಸಲು ಟಾರ್ಪಾಲಿನ್ ಕೈಗೆ ಸಿಗುವಂತಿರಲಿ. ಹೆಂಚು ತೆಗೆಯುವುದಿದ್ದರೆ ಒಂದು ಸಲಕ್ಕೆ ಒಂದು ಮಗ್ಗುಲು ಮಾತ್ರ, ಮೇ 15ರೊಳಗೆ ಮುಚ್ಚಿರಬೇಕು.

ನಕ್ಷೆಪಟ್ಟಿ

ಈಗ ಎಸ್ಟಿಮೇಟ್ ಹೊರತೆಗೀರಿ. ಕೆಲಸಗಳನ್ನು ಈ ಮಳೆಗಾಲಕ್ಕೆ ಮುಂಚೆ, ಎರಡು ವರ್ಷದೊಳಗೆ, ಕಾಯಬಹುದಾದ್ದು ಅಂತ ಮೂರು ಹಾಳೆಗೆ ಹಂಚಿ. ಒಂದೊಂದು ಬಾಬತ್ತಿಗೂ ನಕ್ಷೆಯ ಕೋಣೆ ಸಂಖ್ಯೆ, ಅಳತೆ, ಸಾಮಗ್ರಿ ಇರಬೇಕು. "ಗೋಡೆ ದುರಸ್ತಿ, ಒಟ್ಟು ಇಷ್ಟು" ಅಂತ ಬಂದರೆ ವಾಪಸ್ ಕಳಿಸಿ. ಗಾರೆಗೆ 1 ಮೀಟರ್ ಉದ್ದ, 1 ಮೀಟರ್ ಅಗಲದ ಮಾದರಿ ತುಂಡು ಮಾಡಿಸಿ, ತಿಂಗಳು ಬಿಟ್ಟು ನೋಡಿ ಒಪ್ಪಿಗೆ ಕೊಡಿ. ಬಿಚ್ಚಿದ ಮೇಲೆಯೇ ಕಾಣುವ ಹಾಳಿಗೆ 15–20 ಶೇಕಡಾ ಹಣ ತೆಗೆದಿಡಿ. ಹೆಂಚು 10 ಅಡಿಗೆ 10 ಅಡಿ ಜಾಗಕ್ಕೆ ಸುಮಾರು 150 ಹಿಡಿಯುತ್ತೆ. ಇಳಿಸಿ ಏರಿಸುವಾಗ ನೂರಕ್ಕೆ ಹತ್ತು ಒಡೆಯುತ್ತವೆ ಅಂತ ಲೆಕ್ಕ ಇಟ್ಟುಕೊಳ್ಳಿ. ಹಳೇ ಹೆಂಚಿನ ಹಿಂದಿರುವ ಕಾರ್ಖಾನೆ ಮುದ್ರೆ ನೋಡಿ ವಿಂಗಡಿಸಿ: ಒಂದು ಕಂಪನಿಯ ಹೆಂಚಿನ ಬಾಯಿ ಇನ್ನೊಂದಕ್ಕೆ ಕೂರಲ್ಲ, ಬೆರೆಸಿದರೆ ಸಂದಿನಲ್ಲಿ ಸೋರುತ್ತೆ. ಒಂದೇ ಮುದ್ರೆಯವನ್ನು ಮುಂದಿನ ಮಗ್ಗುಲಿಗೆ ಹಾಕಿಸಿ, ಉಳಿದವನ್ನು ಹಿಂದಕ್ಕೆ. ಮುದ್ರೆ ಕಾಣುವಂತೆ ಒಂದು ಫೋಟೋ ಹಾಕಿ, ರೀಪಿನ ಅಂತರ ಎಷ್ಟು ಬೇಕು ಅಂತ ಲೆಕ್ಕ ಹಾಕೋಣ.